ಬದುಕಿಸಿದ ಮರಿಯ ಹೊಣೆ: ಪುಣೆಯ ಬೀದಿನಾಯಿಗಳು ಮತ್ತು ಪ್ರಾಣಿ ರಕ್ಷಣಾ ಸಂಸ್ಥೆಗಳು

ಪುಣೆ ಮಹಾನಗರಪಾಲಿಕೆಯ ಲೆಕ್ಕದ ಪ್ರಕಾರ 2018ರಲ್ಲಿ ಆ ಊರಿನ ಬೀದಿಗಳಲ್ಲಿ 3.15 ಲಕ್ಷ ನಾಯಿಗಳಿದ್ದವು. 2023ರ ಹೊತ್ತಿಗೆ ಅವು 1.79 ಲಕ್ಷಕ್ಕೆ ಇಳಿದಿದ್ದವು. ಐದೇ ವರ್ಷದಲ್ಲಿ ಶೇ 43ರಷ್ಟು ಇಳಿಕೆ ಸಣ್ಣ ಮಾತಲ್ಲ. ಹಾಗಾಗಿಯೇ ಅದನ್ನು ಒಪ್ಪುವ ಮುನ್ನ ಬೇರೆ ಊರುಗಳ ಅನುಭವದ ಜೊತೆಗಿಟ್ಟು ನೋಡಬೇಕು. ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಸಂಸ್ಥೆ 1994ರಿಂದ 2002ರವರೆಗೆ ಸುಮಾರು 25 ಸಾವಿರ ನಾಯಿಗಳನ್ನು ಹಿಡಿದು ಚಿಕಿತ್ಸೆ ಮಾಡಿತು. ಹೆಣ್ಣುನಾಯಿಗಳಲ್ಲಿ ಶೇ 65ರಷ್ಟಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಎರಡೂ ಆದವು. ಅಷ್ಟೆಲ್ಲ ಆದ ಮೇಲೂ ಎಂಟು ವರ್ಷಗಳಲ್ಲಿ ನಾಯಿಗಳ ಸಂಖ್ಯೆ ಇಳಿದದ್ದು ಶೇ 28ರಷ್ಟು. ಈ ಸಂಸ್ಥೆಯನ್ನು ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಅವರೇ 1991ರಲ್ಲಿ ಬೆಂಗಳೂರಿನಲ್ಲಿ ಕ್ಯೂಪಾ ಎಂಬ ಪ್ರಾಣಿ ರಕ್ಷಣಾ ಸಂಸ್ಥೆ ಆರಂಭಿಸಿದವರು. ಆ ಬೆಂಗಳೂರಿನಲ್ಲಿ 2019ರ ಸಮೀಕ್ಷೆ 3.10 ಲಕ್ಷ ಬೀದಿನಾಯಿಗಳನ್ನು ಕಂಡರೆ, 2023ರ ಸಮೀಕ್ಷೆ 2.79 ಲಕ್ಷವನ್ನು ಕಂಡಿತು: ಶೇ 10ರ ಇಳಿಕೆ. ಪುಣೆಯ ಪಾಲಿಕೆ ಇದೇ ಅವಧಿಯಲ್ಲಿ, 2021ರಲ್ಲಿ, 23 ಹಳ್ಳಿಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಅದಕ್ಕೂ ಮೊದಲು 2017ರಲ್ಲಿ 11 ಹಳ್ಳಿಗಳು ಸೇರಿದ್ದವು. ಊರು ಹಿಗ್ಗುತ್ತಿರುವಾಗಲೇ ನಾಯಿಗಳು ಅರ್ಧದ ಹತ್ತಿರಕ್ಕೆ ಇಳಿದವು ಎಂದಾದರೆ, ಕೆಲಸ ಅಸಾಧಾರಣವಾಗಿ ನಡೆದಿರಬೇಕು, ಇಲ್ಲವೇ ಎರಡು ಎಣಿಕೆಗಳಲ್ಲಿ ಒಂದು ತಪ್ಪಿರಬೇಕು. ಇಳಿಕೆ ಆಗಿದೆ, ಆದರೆ ಕಾಗದದ ಮೇಲೆ ಕಾಣುವಷ್ಟು ಅಲ್ಲ ಎಂಬುದು ನನ್ನ ಅಭಿಪ್ರಾಯ. ಆ ಲೆಕ್ಕ ಹೇಗೇ ಇರಲಿ, ಉಳಿದ 1.79 ಲಕ್ಷಕ್ಕೆ ಉತ್ತರ ಹೇಳಬೇಕಾದವರು ಯಾರು ಎಂಬ ಪ್ರಶ್ನೆ ಹಾಗೇ ಇದೆ.

ಕಾನೂನು ಬೆರಳು ತೋರಿಸುವುದು ಪಾಲಿಕೆಯ ಕಡೆಗೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2001ರಲ್ಲಿ ಬಂದ ನಾಯಿ ಸಂತಾನ ನಿಯಂತ್ರಣ ನಿಯಮಗಳೂ, ಅವುಗಳ ಜಾಗಕ್ಕೆ 2023ರ ಮಾರ್ಚ್‌ನಲ್ಲಿ ಬಂದ ಹೊಸ ನಿಯಮಗಳೂ ಈ ಕೆಲಸವನ್ನು ಸ್ಥಳೀಯ ಸಂಸ್ಥೆಯ ಹೆಗಲಿಗೇ ಹೊರಿಸಿವೆ. ಆದರೆ ಕತ್ತರಿ ಹಿಡಿಯುವ ಕೈ ಬಹುಮಟ್ಟಿಗೆ ಖಾಸಗಿ ಸಂಸ್ಥೆಗಳದು. ಪುಣೆಯಲ್ಲಿ ಬ್ಲೂ ಕ್ರಾಸ್ ಸೊಸೈಟಿ, ಯುನಿವರ್ಸಲ್ ಅನಿಮಲ್ ವೆಲ್ಫೇರ್ ಸೊಸೈಟಿಯಂಥವು ಪಾಲಿಕೆಗಾಗಿ ಈ ಕೆಲಸ ಮಾಡಿವೆ; 2007ರಲ್ಲಿ ಶುರುವಾದ ರೆಸ್ಕ್ಯೂ ಚಾರಿಟಬಲ್ ಟ್ರಸ್ಟ್ ಗಾಯಗೊಂಡ ಪ್ರಾಣಿಗಳ ಚಿಕಿತ್ಸೆಗೆ ಹೆಸರಾಗಿದೆ. ಇವುಗಳ ಸುತ್ತ ನೋಂದಣಿ ಇಲ್ಲದ ಇನ್ನೊಂದು ದೊಡ್ಡ ವರ್ಗವಿದೆ: ಕೋಥ್ರೂಡ್, ಔಂಧ್, ವಿಮಾನನಗರ, ಖರಾಡಿಯ ಹೌಸಿಂಗ್ ಸೊಸೈಟಿಗಳಲ್ಲಿ ದಿನವೂ ನಾಯಿಗಳಿಗೆ ಅನ್ನ ಹಾಕುವವರು, ಮರಿಗಳನ್ನು ಎತ್ತಿ ತಂದು ಸಾಕುವ ಮನೆ ಹುಡುಕುವವರು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚಿಕಿತ್ಸೆಗೆ ಹಣ ಕೂಡಿಸುವವರು. ರಕ್ಷಣಾ ಸಂಸ್ಥೆ ಎಂದಾಗ ಈ ಇಡೀ ಬಳಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅವರ ಕರುಣೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಒಂದು ಜೀವವನ್ನು ಸಾವಿನಿಂದ ಎಳೆದು ತಂದವರಿಗೆ ಆ ಜೀವದಿಂದ ಮುಂದೆ ಹುಟ್ಟುವ ಜೀವಗಳ ಹೊಣೆಯೂ ಬರುತ್ತದೆ, ಆ ಹೊಣೆಯನ್ನು ಪಾಲಿಕೆಗೆ ದಾಟಿಸಲು ಆಗುವುದಿಲ್ಲ ಎಂಬುದು ನನ್ನ ವಾದ.

ಏಕೆ ಆಗುವುದಿಲ್ಲ ಎಂದು ತಿಳಿಯಲು ಸಂತಾನಹರಣದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಗಾಡಿ ಬರುತ್ತದೆ, ಬಲೆ ಬೀಸಿ ನಾಯಿಯನ್ನು ಹಿಡಿಯುತ್ತಾರೆ, ಹಿಡಿದ ಜಾಗವನ್ನು ಬರೆದುಕೊಳ್ಳುತ್ತಾರೆ. ಕೇಂದ್ರದಲ್ಲಿ ಉಪವಾಸ ಇರಿಸಿ, ಅರಿವಳಿಕೆ ಕೊಟ್ಟು, ಹೆಣ್ಣಾದರೆ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಗಂಡಾದರೆ ವೃಷಣಗಳನ್ನು ತೆಗೆಯುತ್ತಾರೆ. ಇನ್ನೊಮ್ಮೆ ಹಿಡಿಯದಿರಲಿ ಎಂದು ಕಿವಿಯಲ್ಲಿ ಒಂದು ಕಚ್ಚು ಹಾಕುತ್ತಾರೆ, ರೇಬೀಸ್ ಲಸಿಕೆ ಚುಚ್ಚುತ್ತಾರೆ. ತೆಗೆದ ಅಂಗಗಳನ್ನು ಎಸೆಯುವ ಹಾಗಿಲ್ಲ. ಮೇಲ್ವಿಚಾರಣೆಗೆ ಬಂದವರು ಅವನ್ನು ಎಣಿಸಿ, ಬಿಲ್ಲಿನಲ್ಲಿರುವ ಸಂಖ್ಯೆಗೆ ತಾಳೆ ನೋಡಬೇಕು. ಗಾಯ ಮಾಗಿದ ಮೇಲೆ ನಾಯಿಯನ್ನು ಹಿಡಿದಲ್ಲಿಗೇ ಮರಳಿ ಬಿಡಬೇಕು. ಇಷ್ಟು ಕೆಲಸವನ್ನು ಹಣ ಕೊಟ್ಟು ಮಾಡಿಸಬಹುದು. ಆದರೆ ಈ ಗಾಡಿ ಮುಟ್ಟದ ಎರಡು ಬಗೆಯ ನಾಯಿಗಳಿವೆ. ಆರು ತಿಂಗಳು ತುಂಬದ ಮರಿಯನ್ನು ಈ ಕಾರಣಕ್ಕೆ ಹಿಡಿಯುವಂತಿಲ್ಲ. ಹಾಲೂಡುವ ತಾಯಿಯನ್ನು ಮರಿಗಳು ಹಾಲು ಬಿಡುವವರೆಗೆ ಮುಟ್ಟುವಂತಿಲ್ಲ. ಎರಡೂ ಸರಿಯಾದ ನಿರ್ಬಂಧಗಳೇ. ಕಷ್ಟ ಇರುವುದು ಕಾಲದ ಲೆಕ್ಕದಲ್ಲಿ. ಹೆಣ್ಣುಮರಿ ಆರರಿಂದ ಹತ್ತು ತಿಂಗಳೊಳಗೆ ಬೆದೆಗೆ ಬರುತ್ತದೆ, ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಕಾನೂನು ಅನುಮತಿ ಕೊಡುವ ದಿನಕ್ಕೂ ಮೊದಲ ಬೆದೆಗೂ ನಡುವೆ ಉಳಿಯುವುದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಯಾವ ಬೀದಿಯ ಯಾವ ಮರಿಗೆ ಈಗ ಎಷ್ಟು ತಿಂಗಳು, ಯಾವ ತಾಯಿ ಹಾಲು ಬಿಡಿಸಿದೆ ಎಂಬುದು ಗುತ್ತಿಗೆಯ ಗಾಡಿಯವರಿಗೆ ಗೊತ್ತಾಗುವ ಸಂಗತಿಯಲ್ಲ. ಅದು ಗೊತ್ತಿರುವುದು ಆ ಮರಿಗೆ ದಿನವೂ ಹಾಲು ಇಟ್ಟವರಿಗೆ, ಅದರ ಜಂತಿಗೆ ಔಷಧಿ ಹಾಕಿಸಿದವರಿಗೆ.

ಇಲ್ಲಿ ಪಶ್ಚಿಮ ಬಂಗಾಳದ ಒಂದು ಅಧ್ಯಯನ ನೆನಪಿಗೆ ಬರುತ್ತದೆ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಬೀದಿನಾಯಿಗಳ ನಡವಳಿಕೆಯನ್ನು ವರ್ಷಗಟ್ಟಲೆ ಗಮನಿಸಿದ ಅನಿಂದಿತಾ ಭದ್ರಾ ಅವರ ತಂಡ 95 ಸೂಲುಗಳ 364 ಮರಿಗಳನ್ನು ಹಿಂಬಾಲಿಸಿತು. ಮರಿ ಹಾಕುವ ವಯಸ್ಸಿನವರೆಗೆ ಉಳಿದವು ಶೇ 19 ಮಾತ್ರ; ಸತ್ತವುಗಳಲ್ಲಿ ಶೇ 63ರ ಸಾವಿಗೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯರೇ ಕಾರಣ. ಐದು ಮರಿಗಳಲ್ಲಿ ನಾಲ್ಕು ಸಾಯುತ್ತವೆ ಎಂಬುದು ಎದೆ ಕಲಕುವ ಮಾತು. ರಕ್ಷಣಾ ಸಂಸ್ಥೆಗಳು ಹುಟ್ಟಿಕೊಂಡದ್ದೇ ಆ ನಾಲ್ಕು ಮರಿಗಳಿಗಾಗಿ, ಅವರ ದುಡಿಮೆಯ ಬಹುಪಾಲು ವ್ಯಯವಾಗುವುದೂ ಅಲ್ಲೇ. ಈಗ ಲೆಕ್ಕಕ್ಕೆಂದು ಹೀಗೆ ಊಹಿಸೋಣ: ಒಂದು ಬಡಾವಣೆಯಲ್ಲಿ ಅನ್ನ, ಲಸಿಕೆ, ಚಿಕಿತ್ಸೆ ಎಲ್ಲ ಸಿಕ್ಕಿ ನೂರರಲ್ಲಿ 19ರ ಬದಲು 57 ಮರಿಗಳು ಬದುಕಿದವು. ಮುಂದಿನ ವರ್ಷ ಆ ಬಡಾವಣೆಯಲ್ಲಿ ಮರಿ ಹಾಕಬಲ್ಲ ಹೆಣ್ಣುಗಳು ಮೂರು ಪಟ್ಟು. ಅವುಗಳಿಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ, ಪಾಲಿಕೆಯ ಗಾಡಿ ವರ್ಷವಿಡೀ ಓಡಿದರೂ ಏರುತ್ತಿರುವ ಸಂಖ್ಯೆಯ ಹಿಂದೆಯೇ ಓಡುತ್ತಿರುತ್ತದೆ. ಸಾವನ್ನು ತಡೆದು ಹುಟ್ಟನ್ನು ತಡೆಯದೆ ಬಿಟ್ಟರೆ ಮುಂದೆ ಸಾಯುವ ಮರಿಗಳೇ ಹೆಚ್ಚುತ್ತವೆ. ಬೀದಿಯಲ್ಲಿರುವ ಅನ್ನ, ನೆರಳು, ಜಾಗ ಹೆಚ್ಚುವುದಿಲ್ಲವಲ್ಲ. ಹೀಗಾಗಿ ಮರಿ ಎತ್ತುವ ಕೆಲಸವೂ ಸಂತಾನಹರಣದ ಕೆಲಸವೂ ಎರಡು ಬೇರೆ ಇಲಾಖೆಗಳಲ್ಲ. ಮೊದಲನೆಯದನ್ನು ಕೈಗೆತ್ತಿಕೊಂಡವರು ಎರಡನೆಯದನ್ನೂ ಕೈಗೆತ್ತಿಕೊಂಡಂತೆಯೇ.

ಹಾಗಾದರೆ ಮರಿಗಳನ್ನು ಸಾಯಲು ಬಿಡಬೇಕೇ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಡ. ಎತ್ತಿದ ಮರಿಯ ಹೆಸರಿನಲ್ಲಿ ಒಂದು ತಾರೀಖು ಬರೆದಿಡಬೇಕು, ಆ ತಾರೀಖಿಗೆ ಅದನ್ನು ಶಸ್ತ್ರಚಿಕಿತ್ಸೆಗೆ ಕರೆತರಬೇಕು. ನಾನು ಕೇಳುತ್ತಿರುವುದು ಇಷ್ಟೇ. ದತ್ತು ಕೊಡುವಾಗ ಈ ಮಾತು ಇನ್ನೂ ಗಟ್ಟಿಯಾಗಬೇಕು. ವಾರಾಂತ್ಯದ ದತ್ತು ಶಿಬಿರದಲ್ಲಿ ಎರಡು ತಿಂಗಳ ಮರಿಯನ್ನು ಒಂದು ಕುಟುಂಬದ ಕೈಗಿಟ್ಟು, ಫಾರ್ಮಿನಲ್ಲಿ ಸಹಿ ಹಾಕಿಸಿ, ಫೋಟೊ ತೆಗೆದು ಕಳಿಸಿದರೆ ಅರ್ಧ ಕೆಲಸ ಮಾತ್ರ ಮುಗಿಯುತ್ತದೆ. ಆರನೆಯ ತಿಂಗಳಿಗೆ ಫೋನು ಮಾಡಿ, ಆಪರೇಷನ್ ಆಯಿತೇ ಎಂದು ಕೇಳಿ, ಆಗಿರದಿದ್ದರೆ ಸಂಸ್ಥೆಯೇ ಮಾಡಿಸಬೇಕು. ಖರ್ಚು ಕುಟುಂಬಕ್ಕೆ ಭಾರವಾದರೆ ಸಂಸ್ಥೆಯೇ ಭರಿಸಬೇಕು. ಅಮೆರಿಕದಲ್ಲಿ 1970ರ ದಶಕದಲ್ಲಿ ಆಶ್ರಯಧಾಮಗಳೇ ವರ್ಷಕ್ಕೆ ಒಂದು ಕೋಟಿಗೂ ಮೀರಿ ನಾಯಿ–ಬೆಕ್ಕುಗಳನ್ನು ಸಾಯಿಸುತ್ತಿದ್ದವು. 1971ರಲ್ಲಿ ಲಾಸ್ ಏಂಜಲೀಸ್ ನಗರಾಡಳಿತ ಕಡಿಮೆ ದರದ ಸಂತಾನಹರಣ ಚಿಕಿತ್ಸಾಲಯ ತೆರೆಯಿತು. ಕ್ರಮೇಣ ಆಪರೇಷನ್ ಆಗದ ಪ್ರಾಣಿಯನ್ನು ದತ್ತು ಕೊಡುವುದಿಲ್ಲ ಎಂಬುದು ಧಾಮಗಳ ಸಾಮಾನ್ಯ ಪದ್ಧತಿಯಾಯಿತು. ಇಂದು ಆ ಸಾವುಗಳು ಹತ್ತು ಲಕ್ಷಕ್ಕಿಂತ ಕೆಳಗೆ ಇಳಿದಿವೆ. ನಮಗೆ ಇನ್ನೂ ಹತ್ತಿರದ ಉದಾಹರಣೆ ಭೂತಾನ್. 2009ರಲ್ಲಿ ಆರಂಭಿಸಿ 2023ರ ಅಕ್ಟೋಬರ್‌ನಲ್ಲಿ ಆ ದೇಶ ತನ್ನ ಬೀದಿನಾಯಿಗಳೆಲ್ಲಕ್ಕೂ ಸಂತಾನಹರಣ ಮತ್ತು ಲಸಿಕೆ ಆಗಿದೆ ಎಂದು ಘೋಷಿಸಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ನಾಯಿಗಳಿಗೆ ಆಪರೇಷನ್ ಆಯಿತು. ಅದರ ಜೊತೆಗೇ ಸಾಕುನಾಯಿಗಳಿಗೆ ಮೈಕ್ರೊಚಿಪ್ ಹಾಕಿ ಮಾಲೀಕರ ಹೆಸರಿಗೆ ದಾಖಲಿಸಿದರು. ಮನೆಯ ನಾಯಿಯ ಲೆಕ್ಕ ಇಲ್ಲದಿದ್ದರೆ ಬೀದಿಯ ನಾಯಿಯ ಲೆಕ್ಕ ಎಂದೂ ಮುಗಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಪುಣೆಯಲ್ಲಿ ಸಾಕುನಾಯಿಗೆ ಪಾಲಿಕೆಯ ಪರವಾನಗಿ ಬೇಕು ಎಂಬ ನಿಯಮ ಇದೆ. ದತ್ತು ಕೊಡುವ ಪ್ರತಿ ಸಂಸ್ಥೆಯೂ ಆ ಪರವಾನಗಿಯನ್ನು ದತ್ತಿನ ಷರತ್ತು ಮಾಡಿದರೆ, ಪಾಲಿಕೆಯ ಸಾಕುನಾಯಿ ಪಟ್ಟಿ ಅಲ್ಲಿಂದಲೇ ಬೆಳೆಯತೊಡಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಭಾರದ್ದು. ಹಣ, ಸಿಬ್ಬಂದಿ, ಅಧಿಕಾರ ಎಲ್ಲವೂ ಪಾಲಿಕೆಯದು. ದೇಣಿಗೆಯಲ್ಲಿ ಉಸಿರಾಡುವ ಸಂಸ್ಥೆಗಳ ಮೇಲೆ ಇದನ್ನೂ ಹೇರುವುದು ಯಾವ ನ್ಯಾಯ? ಇರುವ ಒಬ್ಬ ಪಶುವೈದ್ಯ ಆಪರೇಷನ್ ಟೇಬಲ್ಲಿಗೆ ಹೋದರೆ ಗಾಡಿಗೆ ಸಿಕ್ಕಿ ಸೊಂಟ ಮುರಿದ ನಾಯಿಯನ್ನು ನೋಡುವವರು ಯಾರು? ಇದರಲ್ಲಿ ಸತ್ಯವಿದೆ. ನೋವಿನಲ್ಲಿರುವ ಪ್ರಾಣಿಗೆ ಮೊದಲ ಚಿಕಿತ್ಸೆ ಸಿಗಲೇಬೇಕು. ಆದರೆ ದೇಣಿಗೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದೂ ನೋಡಬೇಕು. ಕಣ್ಣು ಕಳೆದುಕೊಂಡ ಮರಿಯ ಚಿತ್ರಕ್ಕೆ ಒಂದೇ ಸಂಜೆಯಲ್ಲಿ ಹಣ ಸೇರುತ್ತದೆ. ಹುಟ್ಟದೇ ಹೋದ ಮರಿಗೆ ಚಿತ್ರವಿಲ್ಲ, ಅದಕ್ಕೆ ದಾನಿಯೂ ಇಲ್ಲ. ಈ ಅಸಮತೋಲನವನ್ನು ದಾನಿಗಳು ತಾವಾಗಿ ಸರಿಪಡಿಸಲಾರರು. ಅವರಿಗೆ ತಿಳಿಸಿ ಹೇಳುವುದು ಸಂಸ್ಥೆಗಳ ಕೆಲಸ. ಬಂದ ಪ್ರತಿ ರೂಪಾಯಿಯಲ್ಲಿ ಇಷ್ಟು ಪಾಲು ಸಂತಾನಹರಣಕ್ಕೆ ಎಂದು ಮೊದಲೇ ಪ್ರಕಟಿಸಿ, ವರ್ಷದ ಕೊನೆಗೆ ಎಷ್ಟು ಹೆಣ್ಣುನಾಯಿಗಳಿಗೆ ಎಲ್ಲೆಲ್ಲಿ ಆಪರೇಷನ್ ಆಯಿತೆಂದು ಲೆಕ್ಕ ಕೊಟ್ಟರೆ ದಾನಿಗಳು ಓಡಿಹೋಗುವುದಿಲ್ಲ. ಬಂದ ಕರೆಗೆಲ್ಲ ಓಡಿ ಊರಿನ ಮೂಲೆಮೂಲೆಯಲ್ಲಿ ಒಂದೊಂದು ನಾಯಿಗೆ ಆಪರೇಷನ್ ಮಾಡುವುದಕ್ಕಿಂತ, ಒಂದು ಬಡಾವಣೆ ಹಿಡಿದು ಅಲ್ಲಿನ ಹೆಣ್ಣುನಾಯಿಗಳನ್ನು ಬಹುಪಾಲು ಮುಗಿಸಿ ಪಕ್ಕದ ಬಡಾವಣೆಗೆ ಹೋಗುವುದರಿಂದ ಸಂಖ್ಯೆ ಇಳಿಯುತ್ತದೆ. ಜೈಪುರದ ಶೇ 65ರ ಅನುಭವ ಹೇಳುವುದು ಇದನ್ನೇ. ಊರಿಗೆಲ್ಲ ಹರಡಿದ ಶೇ 20ರಿಂದ ಯಾವ ಬೀದಿಯಲ್ಲೂ ವ್ಯತ್ಯಾಸ ಕಾಣುವುದಿಲ್ಲ. ಇನ್ನೊಂದು, ಋತು. ಜೈಪುರದಲ್ಲಿ ಗಬ್ಬದ ನಾಯಿಗಳು ಹೆಚ್ಚು ಕಂಡುಬಂದದ್ದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಪಾಲಿಕೆಯ ಬಜೆಟ್ ವರ್ಷ ಏಪ್ರಿಲ್‌ನಲ್ಲಿ ತೆರೆದು, ಟೆಂಡರು ಕೈಗೂಡಿ, ಗಾಡಿ ರಸ್ತೆಗಿಳಿಯುವುದರೊಳಗೆ ಮಳೆಗಾಲ ಕಳೆದರೆ ಆ ವರ್ಷದ ಸೂಲು ಕೈತಪ್ಪಿತೆಂದೇ ಲೆಕ್ಕ. ಬೇಸಿಗೆಯ ಆ ಖಾಲಿ ತಿಂಗಳುಗಳಲ್ಲಿ ತಮ್ಮ ಹಣದಿಂದ ಕೆಲಸ ಮುಂದುವರಿಸಬಲ್ಲವರು ರಕ್ಷಣಾ ಸಂಸ್ಥೆಗಳು ಮಾತ್ರ.

ನಾಯಿಗಳನ್ನೆಲ್ಲ ಹಿಡಿದು ಧಾಮಕ್ಕೆ ಹಾಕಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಮತ್ತು ಸುತ್ತಲಿನ ನಗರಗಳಿಗೆ ಅಂಥದ್ದೇ ಆದೇಶ ಕೊಟ್ಟಿತು. ಹನ್ನೊಂದು ದಿನಗಳ ನಂತರ ಮೂವರ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ತಗುಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಆಪರೇಷನ್ ಹಾಗೂ ಲಸಿಕೆ ಆದ ಮೇಲೆ ಹಿಡಿದಲ್ಲಿಗೇ ಬಿಡಬೇಕು ಎಂದಿತು. ನವೆಂಬರ್ 7ರ ಆದೇಶ ಮಾತ್ರ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣ, ಕ್ರೀಡಾಂಗಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡಬಾರದು, ಧಾಮದಲ್ಲೇ ಇರಿಸಬೇಕು ಎನ್ನುತ್ತದೆ. ಮಗುವಿನ ಶಾಲೆಯ ಗೇಟಿನಲ್ಲಿ ನಾಯಿಗುಂಪು ಕಂಡು ಹೆದರುವ ತಾಯಿಯ ಆತಂಕ ನಿಜವಾದದ್ದು, ಅದನ್ನು ಅಲ್ಲಗಳೆಯಬಾರದು. ಆದರೆ 1.79 ಲಕ್ಷ ನಾಯಿಗಳಿಗೆ ಜೀವಮಾನವಿಡೀ ಅನ್ನ, ನೀರು, ಔಷಧಿ, ಕಾವಲು ಕೊಡಬಲ್ಲ ಧಾಮ ಯಾವ ಪಾಲಿಕೆಗೂ ಸಾಧ್ಯವಿಲ್ಲ. ಮಿತಿ ಮೀರಿ ಪ್ರಾಣಿಗಳನ್ನು ಕೂಡಿಹಾಕಿದರೆ ಏನಾಗುತ್ತದೆ ಎಂಬುದನ್ನು ಪುಣೆ 2025ರ ಫೆಬ್ರುವರಿಯಲ್ಲಿ ಕಂಡಿತು: ಹಡಪ್ಸರದ ಒಂದೇ ಫ್ಲಾಟಿನಲ್ಲಿ 300ಕ್ಕೂ ಹೆಚ್ಚು ಬೆಕ್ಕುಗಳಿರುವುದು ನೆರೆಯವರ ದೂರಿನಿಂದ ಬೆಳಕಿಗೆ ಬಂತು. ಪ್ರೀತಿಯಿಂದ ಆರಂಭವಾದದ್ದು ಪ್ರಾಣಿಗಳಿಗೂ ನೆರೆಯವರಿಗೂ ನರಕವಾಗಬಲ್ಲದು. ತನ್ನಲ್ಲಿ ಎಷ್ಟು ಜಾಗವಿದೆ ಎಂದು ಬರೆದಿಟ್ಟು, ಅದು ತುಂಬಿದ ದಿನ ಇನ್ನು ಆಗದು ಎಂದು ಹೇಳುವ ಧೈರ್ಯವೂ ಒಂದು ರಕ್ಷಣಾ ಸಂಸ್ಥೆಯ ಹೊಣೆಗಾರಿಕೆಯೇ. ಕೊಲ್ಲುವ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮದ್ರಾಸು ನಗರಾಡಳಿತ 1860ರಿಂದ ನೂರಕ್ಕೂ ಹೆಚ್ಚು ವರ್ಷ ನಾಯಿಗಳನ್ನು ಕೊಂದಿತು; 1990ರ ದಶಕದ ಹೊತ್ತಿಗೆ ದಿನಕ್ಕೆ ನೂರಕ್ಕೂ ಹೆಚ್ಚು ಕೊಲ್ಲುತ್ತಿದ್ದರೂ ನಾಯಿಗಳು ಕಡಿಮೆಯಾಗಲಿಲ್ಲ. ಕೊಲ್ಲುವುದನ್ನು ಬಿಟ್ಟು ಸಂತಾನಹರಣಕ್ಕೆ ಹೊರಳಿದ್ದು 1996ರಲ್ಲಿ, ಅಲ್ಲಿನ ಬ್ಲೂ ಕ್ರಾಸ್‌ನ ದಶಕಗಳ ಒತ್ತಾಯದ ನಂತರ.

ಆಪರೇಷನ್ ಆದ ನಾಯಿಯೂ ಕಚ್ಚುತ್ತದೆ ಎಂಬ ಮಾತಿಗೆ ರಕ್ಷಣಾ ಸಂಸ್ಥೆಗಳು ಪ್ರಾಮಾಣಿಕವಾಗಿ ಉತ್ತರಿಸಬೇಕು, ಏಕೆಂದರೆ ಅದು ನಿಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತಗಳನ್ನೂ, ರೇಬೀಸ್‌ನಿಂದ ಸುಮಾರು 5,700 ಸಾವುಗಳನ್ನೂ ಅಂದಾಜಿಸಿದೆ. ಕಡಿತಗಳಲ್ಲಿ ಮುಕ್ಕಾಲು ಪಾಲು ನಾಯಿಯದು. ಸಂತಾನಹರಣದ ಫಲ ಕಾಣಲು ವರ್ಷಗಳು ಬೇಕು, ಲಸಿಕೆಯ ಫಲ ಬೇಗ ಸಿಗುತ್ತದೆ. ಗೋವಾದಲ್ಲಿ ನಾಯಿಗಳಲ್ಲಿ ಶೇ 70ರ ಗುರಿ ಇಟ್ಟು ಪ್ರತಿವರ್ಷ ಲಸಿಕೆ ಹಾಕಿದ್ದರಿಂದ 2018ರ ಹೊತ್ತಿಗೆ ಮನುಷ್ಯರ ರೇಬೀಸ್ ಸಾವು ನಿಂತಿತ್ತು. ಒಮ್ಮೆ ಆಪರೇಷನ್ ಸಮಯದಲ್ಲಿ ಹಾಕಿದ ಲಸಿಕೆ ನಾಯಿಯ ಜೀವಮಾನಕ್ಕೆಲ್ಲ ಸಾಲದು. ಮರುಲಸಿಕೆಗೆ ನಾಯಿಯನ್ನು ಬಲೆಯಿಲ್ಲದೆ ಕೈಗೆ ಸಿಗುವಂತೆ ಮಾಡಬಲ್ಲವರು ಅದಕ್ಕೆ ಅನ್ನ ಹಾಕುವವರೇ. ಅನ್ನ ಹಾಕುವ ಹಕ್ಕಿಗಾಗಿ ನ್ಯಾಯಾಲಯದವರೆಗೆ ಹೋಗುವ ಉತ್ಸಾಹದ ಒಂದು ಪಾಲು, ಅನ್ನ ತಿನ್ನುವ ನಾಯಿಗಳ ಕಿವಿಯಲ್ಲಿ ಕಚ್ಚು ಇದೆಯೇ ಎಂದು ನೋಡುವುದಕ್ಕೂ ಹೋಗಬೇಕು. ಪದೇಪದೇ ಕಚ್ಚುವ ನಾಯಿಯನ್ನು ಬಚ್ಚಿಡದೆ ತಾವೇ ಮೊದಲು ಪಾಲಿಕೆಗೆ ತಿಳಿಸುವ ಸಂಸ್ಥೆಯ ಮಾತನ್ನು ಉಳಿದ ನೂರು ನಾಯಿಗಳ ವಿಷಯದಲ್ಲಿ ಜನ ನಂಬುತ್ತಾರೆ. ಇದರ ಜೊತೆಗೆ ಕಸದ ಮಾತೂ ಇದೆ. ಪುಣೆಯಲ್ಲಿ ಕಸ ಆಯುವ ಮಹಿಳೆಯರೇ ಕಟ್ಟಿಕೊಂಡ ‘ಸ್ವಚ್ಛ್’ ಸಹಕಾರ ಸಂಘ ಮನೆಮನೆಯಿಂದ ಹಸಿಕಸ ಒಯ್ಯುತ್ತದೆ. ಅವರ ಗಾಡಿ ಸಲೀಸಾಗಿ ಹೋಗುವ ಬೀದಿಯಲ್ಲಿ ನಾಯಿಗೆ ತೊಟ್ಟಿಯ ಊಟ ಕಡಿಮೆ. ಪ್ರಾಣಿಪ್ರಿಯರ ಸಭೆಗೆ ಆ ಮಹಿಳೆಯರನ್ನೂ ಕರೆದರೆ ಯಾವ ಗಲ್ಲಿಯಲ್ಲಿ ಹೊಸ ಮರಿ ಬಿದ್ದಿದೆ ಎಂಬ ಸುದ್ದಿ ಎಲ್ಲರಿಗಿಂತ ಮೊದಲು ಸಿಗುತ್ತದೆ.

ಗುತ್ತಿಗೆ ಪಡೆದ ಸಂಸ್ಥೆಗಳ ಬಗ್ಗೆ ಒಂದು ಸಂಶಯ ಮತ್ತೆಮತ್ತೆ ಕೇಳಿಬರುತ್ತದೆ: ನಾಯಿಗೆ ಇಷ್ಟು ಎಂದು ಹಣ ಬರುವವರೆಗೆ, ನಾಯಿ ಮುಗಿಯಲಿ ಎಂದು ಯಾರಿಗಾದರೂ ಏಕೆ ಅನಿಸುತ್ತದೆ? ಸಂಶಯವನ್ನು ಅವಮಾನವೆಂದು ತಳ್ಳದೆ ಲೆಕ್ಕವನ್ನು ತೆರೆದಿಡುವುದೇ ಸರಿ. ಯಾವ ವಾರ್ಡಿನಲ್ಲಿ ಎಷ್ಟು ನಾಯಿ, ಅವುಗಳಲ್ಲಿ ಹೆಣ್ಣೆಷ್ಟು, ಕಚ್ಚು ಇಲ್ಲದವು ಎಷ್ಟು, ಈ ವರ್ಷ ಕಂಡ ಮರಿಗಳೆಷ್ಟು ಎಂಬುದನ್ನು ಗುತ್ತಿಗೆ ಪಡೆಯದ ರಕ್ಷಣಾ ಗುಂಪುಗಳು ಎಣಿಸಿ ಪ್ರಕಟಿಸಿದರೆ, ಗುತ್ತಿಗೆ ಪಡೆದವರ ಕೆಲಸಕ್ಕೂ ಪಾಲಿಕೆಯ ಶೇ 43ಕ್ಕೂ ಒರೆಗಲ್ಲು ಸಿಗುತ್ತದೆ. ಕೊನೆಯ ಅಂಕಿ ಎಲ್ಲಕ್ಕಿಂತ ಮುಖ್ಯ. ಒಂದು ಬಡಾವಣೆಯಲ್ಲಿ ಚಳಿಗಾಲ ಕಳೆಯುವುದರೊಳಗೆ ಎಷ್ಟು ಹೊಸ ಸೂಲು ಕಂಡವು ಎಂಬುದರಿಂದ ತಿಳಿಯುವಷ್ಟು ಆಪರೇಷನ್‌ಗಳ ಒಟ್ಟು ಮೊತ್ತದಿಂದ ತಿಳಿಯುವುದಿಲ್ಲ.

ಈ ಕೆಲಸಕ್ಕೆ ಊರಿನ ಗಡಿ ಒಂದು ತೊಡಕು. ಪುಣೆಯ ಆಗ್ನೇಯಕ್ಕೆ, ಸಾಸವಡದ ಸುತ್ತಲ ಹುಲ್ಲುಗಾವಲಿನಲ್ಲಿ ತೋಳಗಳಿವೆ. 2023ರಲ್ಲಿ ದಿ ಗ್ರಾಸ್‌ಲ್ಯಾಂಡ್ಸ್ ಟ್ರಸ್ಟ್, ಏಟ್ರೀ ಮತ್ತು ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಗಳು ಸೇರಿ, ಪುಣೆಯ ಬಳಿ ಕಂಡ ವಿಚಿತ್ರ ಬಣ್ಣದ ಪ್ರಾಣಿ ತೋಳ–ನಾಯಿಗಳ ಮಿಶ್ರತಳಿ ಎಂದು ವಂಶವಾಹಿ ಪರೀಕ್ಷೆಯಿಂದ ಖಚಿತಪಡಿಸಿದವು. ನಾಯಿಗಳು ಇನ್ನಷ್ಟು ಹೆಚ್ಚಿದರೆ ತೋಳ ತೋಳವಾಗಿ ಉಳಿಯುವುದಿಲ್ಲ. ನಾಯಿಯ ಡಿಸ್ಟೆಂಪರ್‌ನಂಥ ರೋಗಗಳೂ ಕಾಡಿಗೆ ದಾಟುತ್ತವೆ. ಸಾಸವಡದ ಕುರಿಗಾಹಿಗೆ ನಾಯಿ ಕಾವಲಿಗೆ ಬೇಕು, ಅವನಿಂದ ಅದನ್ನು ಕಿತ್ತುಕೊಳ್ಳುವಂತಿಲ್ಲ. ಆದರೆ ಅದರ ಸಂತಾನಹರಣಕ್ಕೂ ಲಸಿಕೆಗೂ ಪುಣೆ ಪಾಲಿಕೆಯ ಗಾಡಿ ಅಲ್ಲಿಗೆ ಬರುವುದಿಲ್ಲ. 2023ರ ನಿಯಮಗಳು ಸ್ಥಳೀಯ ಸಂಸ್ಥೆ ಎಂದಾಗ ಪಂಚಾಯತಿಗಳೂ ಅದರಲ್ಲಿ ಬರುತ್ತವೆ, ಆದರೆ ಪಶುವೈದ್ಯನನ್ನೂ ಆಪರೇಷನ್ ಕೊಠಡಿಯನ್ನೂ ಹೊಂದಿಸುವಷ್ಟು ಶಕ್ತಿ ಒಂದು ಗ್ರಾಮ ಪಂಚಾಯತಿಗೆ ಇರುವುದಿಲ್ಲ. ಸಾಸವಡ, ಜೇಜುರಿಯ ಕಡೆಗೆ ಸಂಚಾರಿ ಚಿಕಿತ್ಸಾ ವಾಹನವೊಂದನ್ನು ಸೆಪ್ಟೆಂಬರ್‌ಗೆ ಮುಂಚೆ ಕಳಿಸಿ, ಕುರಿಗಾಹಿಗಳ ಹೆಣ್ಣುನಾಯಿಗಳನ್ನು ಅವರ ಕಣ್ಣೆದುರೇ ಆಪರೇಷನ್ ಮಾಡಿ, ಗಾಯ ಮಾಗುವವರೆಗೆ ಜೊತೆಗಿದ್ದು ಬರಬಲ್ಲ ಕೌಶಲ ಪುಣೆಯ ರಕ್ಷಣಾ ಸಂಸ್ಥೆಗಳಲ್ಲಿದೆ. ಜಿಲ್ಲಾ ಪರಿಷತ್ತು ಇಂಧನ ಮತ್ತು ಲಸಿಕೆಯ ವೆಚ್ಚ ಕೊಡಲು ಒಪ್ಪಿದರೆ ಮುಂದಿನ ಮಳೆಗಾಲಕ್ಕೇ ಇದನ್ನು ಆರಂಭಿಸಬಹುದು. ಬೆಳಗಾವಿ, ಹುಬ್ಬಳ್ಳಿ–ಧಾರವಾಡಗಳೂ ಪುಣೆಯಂತೆಯೇ ಸುತ್ತಲ ಹಳ್ಳಿಗಳ ಕಡೆಗೆ ಚಾಚಿಕೊಳ್ಳುತ್ತಿರುವುದರಿಂದ, ಅಲ್ಲಿನ ಸಂಸ್ಥೆಗಳೂ ಈ ವ್ಯವಸ್ಥೆಯನ್ನು ಈಗಲೇ ನೋಡಿಕೊಳ್ಳಬೇಕು.